‘ಸ್ವಿಚ್ ಆಫ್ ಇಟ್’ ಅಂತ ಬರೆಯೋದನ್ನು ನಾನು ಬಿಟ್ಟಿದ್ದು ಹೇಗೆ

ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ಮೇಲೆ ಕೆಲಸ ಮಾಡುತ್ತಿದ್ದೇನೆ, ಹನ್ನೆರಡು ವರ್ಷ ಆಯಿತು. ಓದಿದ್ದು ಕನ್ನಡ ಮೀಡಿಯಂ, ಆಮೇಲೆ ಐಟಿಐ. ಇಂಗ್ಲಿಷ್ ಮಾತು ಹೇಗೋ ನಡೆಯುತ್ತಿತ್ತು. ಕಷ್ಟ ಆಗಿದ್ದು ಶಿಫ್ಟ್ ಮುಗಿಯುವಾಗ ಬರೆಯಬೇಕಾದ ಲಾಗ್‌ಬುಕ್. ನಮ್ಮಲ್ಲಿ ಒಡಿಶಾದವರು, ಬಿಹಾರದವರು, ತಮಿಳುನಾಡಿನವರು ಎಲ್ಲ ಇದ್ದಾರೆ. ಹಾಗಾಗಿ ಅದು ಇಂಗ್ಲಿಷಿನಲ್ಲೇ ಇರಬೇಕು.

ಒಂದು ರಾತ್ರಿ ಕೂಲೆಂಟ್ ಪಂಪ್ (ಲೋಹ ಕಡೆಯುವಾಗ ತಂಪು ಮಾಡುವ ದ್ರವ ಹಾಯಿಸುವ ಪಂಪ್) ಸದ್ದು ಮಾಡುತ್ತಿತ್ತು. ಹಳೇ ಮಷಿನ್, ಪಂಪಿಗೆ ಬೇರೆಯೇ ಸ್ವಿಚ್. ಅದನ್ನು ಆಫ್ ಮಾಡಿ, ಫಿಲ್ಟರ್ ತೆಗೆದು ತೊಳೆದು, ಮತ್ತೆ ಕೂರಿಸಿದೆ. ಟ್ಯಾಂಕಿನಲ್ಲಿ ಕೂಲೆಂಟ್ ಕಮ್ಮಿ ಇತ್ತು. ಬೆಳಗಿನವರು ತುಂಬಿಸಿಕೊಂಡು ಪಂಪ್ ಆನ್ ಮಾಡಲಿ ಅಂತ ಹಾಗೇ ಬಿಟ್ಟೆ. ಲಾಗ್‌ಬುಕ್ಕಿನಲ್ಲಿ ಬರೆದಿದ್ದು ಇಷ್ಟು: ‘ಸ್ವಿಚ್ಡ್ ಆಫ್ ಪಂಪ್ ಅಂಡ್ ಕ್ಲೀನ್ಡ್ ಫಿಲ್ಟರ್. ಪುಟ್ ಬ್ಯಾಕ್ ಆನ್.’

ಕೂರಿಸಿದ್ದು ಫಿಲ್ಟರ್ ಅಂತ ನನ್ನ ಮನಸ್ಸಿನಲ್ಲಿತ್ತು. ಬೆಳಗ್ಗೆ ಬಂದವನು ಓದಿಕೊಂಡಿದ್ದು ಪಂಪ್ ಮತ್ತೆ ಆನ್ ಆಗಿದೆ ಅಂತ. ಅವನು ಜಾಬ್ (ಕಡೆಯಬೇಕಾದ ಲೋಹದ ತುಂಡು) ಕಟ್ಟಿ, ಕಟಿಂಗ್ ಶುರು ಮಾಡಿ, ಪಕ್ಕದ ಮಷಿನ್ ಕಡೆ ತಿರುಗಿದ. ಕೂಲೆಂಟ್ ಇಲ್ಲದ ಒಣ ಕಟಿಂಗ್‌ಗೆ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸುಟ್ಟುಹೋಯಿತು, ಜಾಬ್ ಸ್ಕ್ರ್ಯಾಪ್ ಆಯಿತು. ಅವನ ತಪ್ಪು ಏನೂ ಇರಲಿಲ್ಲ. ನಾನು ಬರೆದ ವಾಕ್ಯಕ್ಕೆ ಆ ಅರ್ಥವೂ ಬರುತ್ತದೆ.

ಅವತ್ತು ಮಧ್ಯಾಹ್ನ ಲಾಗ್‌ಬುಕ್ ಮುಂದೆ ಕೂತು, ಏನು ತಪ್ಪಿತು ಅಂತ ಹುಡುಕಿದೆ. ‘ಇಟ್’ ಇರಲಿಲ್ಲ. ಕನ್ನಡದಲ್ಲಿ ‘ಫಿಲ್ಟರ್ ತೊಳೆದು ಹಾಕಿದೆ’ ಅಂದರೆ ಸಾಕು. ‘ಅದನ್ನು’ ಅಂತ ಹೇಳಬೇಕಾಗಿಲ್ಲ. ‘ಪುಸ್ತಕ ತಂದೆಯಾ?’ ಅಂದರೆ ‘ತಂದೆ’ ಅಂತೀವಿ, ಅಲ್ವಾ? ಅದೇ ಅಭ್ಯಾಸದಲ್ಲಿ ಇಂಗ್ಲಿಷಿನಲ್ಲೂ ‘ಎಸ್, ಐ ಬ್ರಾಟ್’ ಅಂದು ನಿಲ್ಲಿಸುತ್ತೇವೆ. ಇಂಗ್ಲಿಷಿಗೆ ಅಲ್ಲಿ ‘ಇಟ್’ ಬೇಕೇ ಬೇಕು. ‘ಐ ಲೈಕ್ ಇಟ್’, ‘ಐ ಬ್ರಾಟ್ ಇಟ್’, ‘ಐ ಕ್ಲೀನ್ಡ್ ಇಟ್’. ನಮಗೆ ಸುಮ್ನೆ ಸೇರಿಸಿದ ಹಾಗೆ ಕಾಣುವ ಈ ಪದ ಇಲ್ಲದಿದ್ದರೆ ಅವರ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ.

ಸರಿ, ‘ಇಟ್’ ಸೇರಿಸಲು ಶುರು ಮಾಡಿದೆ. ಆಗ ಇನ್ನೊಂದು ತೊಂದರೆ ಬಂತು. ‘ಸ್ವಿಚ್ಡ್ ಆಫ್ ಇಟ್’, ‘ಟುಕ್ ಔಟ್ ಇಟ್’ ಅಂತ ಬರೆಯತೊಡಗಿದೆ. ಸೂಪರ್‌ವೈಸರ್ ಕೆಂಪು ಪೆನ್ನಿನಲ್ಲಿ ಬಾಣ ಹಾಕಿ ‘ಇಟ್’ ಅನ್ನು ಮಧ್ಯಕ್ಕೆ ತರುತ್ತಿದ್ದರು. ಯಾಕೆ ಅಂತ ಕೇಳಿದರೆ, ‘ಹಾಗೇ ಬರೋದು’ ಅನ್ನುತ್ತಿದ್ದರು.

ಯಾಕೆ ಅನ್ನೋದು ನನಗೆ ಹೊಳೆದಿದ್ದು ನಮ್ಮದೇ ಭಾಷೆಯಿಂದ. ‘ತೆಗೆದಿಡು’, ‘ಎತ್ತಿಕೋ’, ‘ಆರಿಸಿಬಿಡು’. ಇಲ್ಲಿ ಎರಡು ಕ್ರಿಯಾಪದಗಳು ಅಂಟಿಕೊಂಡಿವೆ. ಮಧ್ಯೆ ‘ಅದನ್ನು’ ತೂರಿಸಲು ಆಗುವುದಿಲ್ಲ. ‘ತೆಗೆದು ಅದನ್ನು ಇಡು’ ಅಂದರೆ ಅದು ಎರಡು ಕೆಲಸ ಆಗಿಬಿಡುತ್ತದೆ. ‘ಸ್ವಿಚ್ ಆಫ್’ ಕೂಡ ನಮ್ಮ ಕಿವಿಗೆ ‘ಆರಿಸಿಬಿಡು’ ಥರ ಒಂದೇ ಪದ. ಒಡೆಯಲು ಮನಸ್ಸು ಬರುವುದಿಲ್ಲ. ಆದರೆ ಇಂಗ್ಲಿಷಿನವರ ‘ಆಫ್’ ಕ್ರಿಯಾಪದ ಅಲ್ಲ, ಕ್ರಿಯಾವಿಶೇಷಣ. ಪಂಪ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ಹೇಳುತ್ತದೆ. ವಾಕ್ಯದ ಕೊನೆ ಅವರಿಗೆ ಹೊಸ ವಿಷಯ ಬರುವ ಜಾಗ. ‘ಇಟ್’ ಹಳೇ ವಿಷಯ, ಯಾವುದರ ಬಗ್ಗೆ ಅಂತ ಆಗಲೇ ಗೊತ್ತು. ಅದಕ್ಕೇ ಅದು ಒಳಗೆ ಸೇರಿಕೊಂಡು, ಒತ್ತು ‘ಆಫ್’ ಮೇಲೆ ಬೀಳುತ್ತದೆ. ಗಟ್ಟಿಯಾಗಿ ಹೇಳಿ ನೋಡಿ: ‘ಸ್ವಿಚಿಟಾಫ್’. ‘ಇಟ್’ ಕೇಳಿಸುವುದೇ ಇಲ್ಲ, ‘ಆಫ್’ ಎದ್ದು ಕೇಳಿಸುತ್ತದೆ.

ನಮ್ಮಲ್ಲಿಗೆ ಹೊಸದಾಗಿ ಬಂದ ಐಟಿಐ ಹುಡುಗ ಒಬ್ಬ ಒಳ್ಳೇ ಪ್ರಶ್ನೆ ಕೇಳಿದ. ‘ಅಣ್ಣಾ, ಸ್ವಿಚ್ ಆಫ್ ದ ಪಂಪ್ ಅಂತಾರಲ್ಲ, ಅದು ಹೇಗೆ ಸರಿ?’ ಪಂಪ್ ಅಂತ ಹೆಸರೇ ಹೇಳಿದರೆ ಎರಡೂ ಕಡೆ ಇಡಬಹುದು. ‘ಸ್ವಿಚ್ ಆಫ್ ದ ಪಂಪ್’ ಸರಿ, ‘ಸ್ವಿಚ್ ದ ಪಂಪ್ ಆಫ್’ ಕೂಡ ಸರಿ. ಸರ್ವನಾಮ ಬಂದಾಗ ಮಾತ್ರ ಆಯ್ಕೆ ಇಲ್ಲ, ಮಧ್ಯೆಯೇ ಬರಬೇಕು.

ಇಷ್ಟು ಕಲಿತ ಮೇಲೆ ನಾನು ಎಲ್ಲ ಕಡೆ ಮಧ್ಯೆ ಇಡಲು ಹೊರಟೆ. ‘ವೆಯ್ಟ್ ಇಟ್ ಫಾರ್’, ‘ಲುಕ್ ಇಟ್ ಅಟ್’. ಅದೂ ತಪ್ಪು! ‘ಫಾರ್’, ‘ಅಟ್’ ಇವು ಕ್ರಿಯಾಪದದ ಜೊತೆಗಾರರಲ್ಲ, ಮುಂದೆ ಬರುವ ಹೆಸರಿನ ಜೊತೆಗಾರರು. ನಮ್ಮ ‘-ಗೆ’, ‘-ಗಾಗಿ’, ‘-ಕಡೆ’ ಇದ್ದ ಹಾಗೆ. ‘ಅದಕ್ಕಾಗಿ’ ಅನ್ನುವುದನ್ನು ಒಡೆಯಲು ಆಗದ ಹಾಗೆ ‘ಫಾರ್ ಇಟ್’ ಅನ್ನೂ ಒಡೆಯಲು ಆಗುವುದಿಲ್ಲ.

ಎರಡನ್ನೂ ಬೇರೆ ಮಾಡಲು ನಾನು ಬಳಸುವ ಪರೀಕ್ಷೆ ಒಂದೇ. ಹೆಸರನ್ನು ಮಧ್ಯೆ ಇಟ್ಟು ನೋಡುವುದು. ‘ಟೇಕ್ ದ ಫಿಲ್ಟರ್ ಔಟ್’ ಒಪ್ಪುತ್ತದೆ, ಹಾಗಾದರೆ ‘ಟೇಕ್ ಇಟ್ ಔಟ್’. ‘ವೆಯ್ಟ್ ದ ಟೂಲ್ ಫಾರ್’ ಒಪ್ಪುವುದಿಲ್ಲ, ಹಾಗಾದರೆ ‘ವೆಯ್ಟ್ ಫಾರ್ ಇಟ್’. ಒಂದೇ ಪದ ಎರಡು ವೇಷ ಹಾಕುವುದೂ ಉಂಟು. ‘ರನ್ ಅಪ್ ಅ ಹಿಲ್’ ಅಂದರೆ ಗುಡ್ಡ ಹತ್ತಿ ಓಡು, ಅದು ‘ರನ್ ಅಪ್ ಇಟ್’. ‘ರನ್ ಅಪ್ ಅ ಬಿಲ್’ ಅಂದರೆ ಬಿಲ್ ಬೆಳೆಸು, ಅದು ‘ರನ್ ಇಟ್ ಅಪ್’. ಇದನ್ನು ನೋಡಿದ ದಿನ ನನಗೆ ತುಂಬಾ ಖುಷಿ ಆಗಿತ್ತು.

ಒತ್ತಿನಿಂದಲೂ ಗುರುತಿಸಬಹುದು: ಆ ಪದದ ಮೇಲೆ ಒತ್ತು ಬಿದ್ದರೆ ‘ಇಟ್’ ಮಧ್ಯೆ, ಬೀಳದಿದ್ದರೆ ಕೊನೆಗೆ. ಆದರೆ ಪೂರ್ತಿ ನಂಬಬೇಡಿ. ‘ಅಟ್’, ‘ಫಾರ್’ ಥರದ ಪುಟ್ಟ ಪದಗಳಿಗೆ ಅದು ಸರಿಹೋಗುತ್ತದೆ. ‘ಲುಕ್ ಆಫ್ಟರ್ ಇಟ್’ನಲ್ಲಿ ಒತ್ತು ‘ಆಫ್ಟರ್’ ಮೇಲೇ ಬೀಳುತ್ತದೆ, ಆದರೂ ‘ಇಟ್’ ಕೊನೆಗೇ.

ಸಂದೇಹ ಬಂದರೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ತೆಗೆಯುತ್ತೇನೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ಮಾಡಿದ್ದು ಅದು, ಮೊದಲು ಬಂದಿದ್ದು 1942ರಲ್ಲಿ ಟೋಕಿಯೊದಲ್ಲಿ. ನಮ್ಮ ಹಾಗೆ ಹೊರಗಿನಿಂದ ಕಲಿಯುವವರಿಗೆ ಅಂತಲೇ ಮಾಡಿದ್ದು. ನನ್ನ ಪ್ರತಿಯಲ್ಲಿ ಇಂಥ ಕ್ರಿಯಾಪದಗಳ ಮಧ್ಯೆ ಎರಡು ತಲೆಯ ಬಾಣ ಇದೆ. ಬಾಣ ಇದ್ದರೆ ಹೆಸರು ಎರಡೂ ಕಡೆ ಕೂರುತ್ತದೆ, ಸರ್ವನಾಮ ಮಧ್ಯೆ.

ಉಳಿದ ಕ್ರಿಯಾವಿಶೇಷಣಗಳಿಗೆ ಒಂದೇ ಎಚ್ಚರಿಕೆ ನನಗೆ ಸಾಕಾಯಿತು. ‘ಸರಿಯಾಗಿ ಫಿಲ್ಟರ್ ತೊಳೆದೆ’ ಅಂತ ಯೋಚಿಸಿ ‘ಕ್ಲೀನ್ಡ್ ಪ್ರಾಪರ್ಲಿ ದ ಫಿಲ್ಟರ್’ ಅಂತ ಬರೆಯುತ್ತಿದ್ದೆ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ಮಧ್ಯೆ ‘ಪ್ರಾಪರ್ಲಿ’ ಬರಬಾರದು. ‘ಕ್ಲೀನ್ಡ್ ದ ಫಿಲ್ಟರ್ ಪ್ರಾಪರ್ಲಿ’. ಹಾಗೇ ‘ಪುಟ್ ಇಟ್ ಬ್ಯಾಕ್ ಪ್ರಾಪರ್ಲಿ’.

ಪುಟ್ಟ ನೋಟ್‌ಬುಕ್ಕಿನಲ್ಲಿ ನಮ್ಮ ಕೆಲಸದ ಕ್ರಿಯಾಪದಗಳನ್ನು ಮಾತ್ರ ಬರೆದಿಟ್ಟುಕೊಂಡೆ. ವ್ಯಾಕರಣದ ಪುಸ್ತಕದ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು ಅಂತ ಈಗಲೂ ನಂಬುತ್ತೇನೆ. ಎಡಗಡೆ ‘ಇಟ್’ ಮಧ್ಯೆ ಬರುವವು, ಬಲಗಡೆ ಕೊನೆಗೆ ಬರುವವು. ಬಸ್ಸಿನಲ್ಲಿ ‘ಇಟ್’ ಸೇರಿಸಿಯೇ ಗೊಣಗಿಕೊಳ್ಳುತ್ತಿದ್ದೆ. ಬರೀ ‘ಟೇಕ್ ಔಟ್’ ಅಂತ ಕಲಿತರೆ ಪ್ರಯೋಜನ ಇಲ್ಲ, ‘ಟೇಕ್ ಇಟ್ ಔಟ್’ ಅಂತಲೇ ನಾಲಗೆಗೆ ಕೂರಬೇಕು. ಮೂರು ತಿಂಗಳಿಗೆ ಕೆಂಪು ಬಾಣ ನಿಂತವು.

ಆ ರಾತ್ರಿಯ ವಾಕ್ಯವನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಿದ್ದಿ ಬರೆದಿದ್ದೇನೆ. ಬರೀ ‘ಇಟ್’ ಸೇರಿಸಿದರೂ ಸಾಲದು ಅಂತ ತಿದ್ದುವಾಗಲೇ ಗೊತ್ತಾಗಿದ್ದು. ‘ಐ ಪುಟ್ ಇಟ್ ಬ್ಯಾಕ್ ಆನ್’ ಅಂದರೂ ಅದು ಪಂಪೋ ಫಿಲ್ಟರೋ ತಿಳಿಯುವುದಿಲ್ಲ. ಕೊನೆಗೆ ಹೀಗಾಯಿತು: ‘ಐ ಟುಕ್ ದ ಫಿಲ್ಟರ್ ಔಟ್, ಕ್ಲೀನ್ಡ್ ಇಟ್ ಅಂಡ್ ಪುಟ್ ಇಟ್ ಬ್ಯಾಕ್. ದ ಪಂಪ್ ಈಸ್ ಸ್ಟಿಲ್ ಆಫ್.’ ಹೊಸ ಹುಡುಗರಿಗೆ ನಾನು ಮೊದಲು ತೋರಿಸುವುದು ಆ ಪುಟವನ್ನೇ.