ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆಯನ್ನು ನೋಡುವ ಬಗೆ

ಈರುಳ್ಳಿಯ ಒಣಬೇರುಗಳನ್ನು ಕತ್ತರಿಸಿ, ಬುಡವಷ್ಟೇ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿದರೆ ಕೆಲವೇ ದಿನಗಳಲ್ಲಿ ಬಿಳಿಯ ಹೊಸ ಬೇರುಗಳು ಇಳಿಯುತ್ತವೆ. ಅವುಗಳ ತುದಿಯ 2–3 ಮಿಲಿಮೀಟರ್ ಭಾಗವನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಬೇಕು. ವಿಭಜನೆ ಬಿರುಸಾಗಿ ನಡೆಯುವುದು ಆ ತುದಿಯಲ್ಲೇ, ಅದರ ಮೇಲಿನ ಕೋಶಗಳು ಮುಖ್ಯವಾಗಿ ಉದ್ದವಾಗುತ್ತಿರುತ್ತವೆ. ಬಳಿಕ, ಶಿಕ್ಷಕರ ಸಮ್ಮುಖದಲ್ಲಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹದವಾಗಿ ಬೆಚ್ಚಗೆ ಮಾಡಿ, ಗಾಜಿನ ಸ್ಲೈಡಿನ ಮೇಲಿಟ್ಟು, ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ, ಕವರ್‌ಸ್ಲಿಪ್ ಎಂಬ ತೆಳುಗಾಜು ಮುಚ್ಚಿ, ಜಾರಿಸದೆ ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಬಹುಪಾಲು ಕೋಶಗಳು ಎರಡು ವಿಭಜನೆಗಳ ನಡುವಿನ ಹಂತದಲ್ಲೇ ಇರುವುದರಿಂದ ವಿಭಜನೆಯಾಗುತ್ತಿರುವವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಲು ತಾಳ್ಮೆ ಬೇಕು. ಆದರೆ ನಡುರೇಖೆಯಲ್ಲಿ ಸಾಲುಗಟ್ಟಿದ 16 ವರ್ಣತಂತುಗಳನ್ನೂ (ಕ್ರೋಮೋಸೋಮ್), ಅವು ಉದ್ದಕ್ಕೆ ಬೇರ್ಪಟ್ಟು ಕೋಶದ ಎರಡೂ ತುದಿಗಳತ್ತ (ಧ್ರುವ) ಸರಿಯುವ ಹಂತವನ್ನೂ ಸ್ಲೈಡಿನಲ್ಲಿ ಕಣ್ಣಾರೆ ಕಾಣುವುದಕ್ಕೆ ಪಠ್ಯಪುಸ್ತಕದ ಯಾವ ಚಿತ್ರವೂ ಸಾಟಿಯಲ್ಲ. ಕೊನೆಯ ಹಂತದ ಕೋಶಗಳಲ್ಲಿ ಎರಡು ಕೋಶಕೇಂದ್ರಗಳ ನಡುವೆ ಹೊಸ ಭಿತ್ತಿಯ ತೆಳುಗೆರೆಯನ್ನು ಗಮನಿಸಿ.