ಹಾಸನದಲ್ಲೇ ಸಿಕ್ಕರು: ಮಗಳಿಗೆ ಸೈಕಾಲಜಿಸ್ಟ್ ಹುಡುಕಿದ ನನ್ನ ಅನುಭವ

"ಇಲ್ಲೆಲ್ಲಿ ಸಿಗ್ತಾರೆ, ಬೆಂಗಳೂರಿಗೇ ಹೋಗಬೇಕು" ಎಂದು ಭಾವ ಹೇಳಿದ್ದರು. ಕೊನೆಕೊನೆಗೆ ನನ್ನ ಹೆಂಡತಿಯೂ ಅದನ್ನೇ ಹೇಳಿದಳು. ಆದರೆ ಸಿಕ್ಕರು. ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ.

ಮಗಳಿಗೆ ಒಸಿಡಿ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಅವಳದು ಕೈ ತೊಳೆಯುವುದು. ಬೆರಳ ಸಂದಿಯಲ್ಲಿ ಚರ್ಮ ಬಿಳಿಚಿ ಒಡೆದಿತ್ತು. ಸಾರನ್ನ ಕಲೆಸಿದರೆ ಉರಿ ಎಂದು ಚಮಚ ಕೇಳುತ್ತಿದ್ದಳು. ಸೈಕಿಯಾಟ್ರಿಸ್ಟ್ ಮಾತ್ರೆ ಬರೆದು, ಜೊತೆಗೆ ಇಆರ್‌ಪಿ ಮಾಡಿಸಿ ಎಂದರು. ಭಯವಾಗುವುದನ್ನು ಸ್ವಲ್ಪಸ್ವಲ್ಪವೇ ಎದುರಿಸಿ, ಕೈ ತೊಳೆಯದೆ ತಡೆದುಕೊಳ್ಳುವುದನ್ನು ಕಲಿಸುವ ಥೆರಪಿ ಅದು. ಮಾಡುವವರನ್ನು ನಾನೇ ಹುಡುಕಬೇಕಿತ್ತು.

ಮೊದಲು ಬೋರ್ಡ್ ನೋಡಿ ಒಬ್ಬರ ಹತ್ತಿರ ಹೋದೆ. ಒಂದು ಸಲಕ್ಕೆ 700 ರೂಪಾಯಿ, ಆರು ವಾರ. "ಕೈ ಕ್ಲೀನ್ ಆಗಿದೆಯಾ ಅಂತ ಕೇಳಿದಾಗಲೆಲ್ಲ ಆಗಿದೆ ಅನ್ನಿ" ಎಂದರು. ನಾವು ಅಂದೆವು. ಅವಳು ಕೇಳುವುದು ಜಾಸ್ತಿಯಾಯಿತು. ಒಸಿಡಿಯಲ್ಲಿ ಹಾಗೆ ಸಮಾಧಾನ ಹೇಳುತ್ತಾ ಹೋಗಲೇಬಾರದು, ಆಗ ಗೊತ್ತಿರಲಿಲ್ಲ. ಏಳನೇ ಸಲ ಗೋಡೆಯ ಸರ್ಟಿಫಿಕೇಟ್ ಓದಿದೆ. ಮೂರು ತಿಂಗಳ ಕೋರ್ಸ್. ಅದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಆಮೇಲೆ ಬೆಂಗಳೂರು. ಒಳ್ಳೆಯವರೇ ಸಿಕ್ಕರು. ಆದರೆ ಇಬ್ಬರ ಬಸ್ಸು, ಊಟ, ಫೀಸು ಸೇರಿ ಒಂದು ಸಲಕ್ಕೆ ಮೂರೂವರೆ ಸಾವಿರ. ಕಾಲೇಜೂ ತಪ್ಪಿತು. ಐದು ಸಲಕ್ಕೆ ನಿಲ್ಲಿಸಿದೆವು.

ಮತ್ತೆ ಹಾಸನದಲ್ಲೇ ಹುಡುಕಿದೆ, ಈ ಸಲ ಲೈಸೆನ್ಸ್ ನೋಡಿ. ನಮ್ಮಲ್ಲಿ ಲೈಸೆನ್ಸ್ ಅಂದರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ, ಅದರ ರಿಜಿಸ್ಟರ್‌ನಲ್ಲಿರುವ ಸಿಆರ್‌ಆರ್ ನಂಬರ್. ಅದರಲ್ಲೂ ಒಮ್ಮೆ ಎಡವಿದೆ. ಒಬ್ಬರು ನಂಬರ್ ಕೊಟ್ಟರು, ಅಸಲಿಯೇ. ಆದರೆ ಅದು ಸ್ಪೆಷಲ್ ಎಜುಕೇಟರ್ ನೋಂದಣಿ. ಆರ್‌ಸಿಐನಲ್ಲಿ ಸ್ಪೀಚ್ ಥೆರಪಿಸ್ಟ್‌ಗಳೂ ಇರುತ್ತಾರೆ, ರಿಹ್ಯಾಬಿಲಿಟೇಶನ್ ಸೈಕಾಲಜಿಸ್ಟ್ ಎನ್ನುವ ಬೇರೆ ವಿಭಾಗವೂ ಇದೆ. ನಮಗೆ ಬೇಕಿದ್ದದ್ದು ಕ್ಲಿನಿಕಲ್ ಸೈಕಾಲಜಿಸ್ಟ್. ಹಾಗಾಗಿ ನಂಬರ್ ಜೊತೆ ವಿಭಾಗ, ಅವಧಿ ಎರಡನ್ನೂ ನೋಡಿ.

ದಾರಿ ತೆರೆದದ್ದೂ ಅಲ್ಲೇ. ಇವರೆಲ್ಲ ಒಂದೇ ಕೌನ್ಸಿಲ್‌ನವರು ಅಂದ ಮೇಲೆ ಒಬ್ಬರಿಗೊಬ್ಬರು ಗೊತ್ತಿರಲೇಬೇಕು ಅಲ್ವಾ? ಇಂಟರ್ನೆಟ್ ಬಿಟ್ಟೆ. ಸ್ಪೀಚ್ ಥೆರಪಿಸ್ಟ್‌ಗಳನ್ನು, ವಿಶೇಷ ಮಕ್ಕಳ ಶಾಲೆಯ ಟೀಚರ್‌ಗಳನ್ನು, ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿದೆ. ಹೆಚ್ಚುಕಡಿಮೆ 11 ಹೆಸರು ಬಂದವು. ರಿಜಿಸ್ಟರ್‌ನಲ್ಲಿ ಸಿಕ್ಕಿದ್ದು ನಾಲ್ಕು, ಅದರಲ್ಲಿ ಕ್ಲಿನಿಕಲ್ ಎರಡು. ಒಬ್ಬರು ಊರು ಬಿಟ್ಟಿದ್ದರು. ಉಳಿದ ಒಬ್ಬರಿಗೆ ಬೋರ್ಡೇ ಇಲ್ಲ, ಮನೆಯ ಮುಂದಿನ ಕೋಣೆಯಲ್ಲಿ ನೋಡುತ್ತಾರೆ. ಹುಡುಕುವ ಈ ದಾರಿ ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಫೋನಿನಲ್ಲಿ ನಾನು ಕೇಳುವ ಪ್ರಶ್ನೆ ಒಂದಿದೆ. ಥೆರಪಿ ನಿಜವಾಗಿ ಮಾಡಿದವರಿಗೆ ಮಾತ್ರ ಉತ್ತರ ಬರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಓದಿ ಉತ್ತರ ಸಿದ್ಧ ಮಾಡಿಕೊಳ್ಳುವವರೂ ಇರುತ್ತಾರೆ.

ನಡುವೆ ಒಂದು ರಾತ್ರಿ ತೀರಾ ಕಷ್ಟವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದೆ. ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಿದರು. ಅದು ಥೆರಪಿಯ ಬದಲಿಯಲ್ಲ, ಆದರೆ ಆ ರಾತ್ರಿ ದಾಟಿಸಿತು.

ಈಗ ಬೋರ್ಡಿಲ್ಲದ ಆ ಸೈಕಾಲಜಿಸ್ಟ್ ಹತ್ತಿರ ಒಂದು ಸೆಷನ್‌ಗೆ 800. ಬಚ್ಚಲಿನ ಕ್ಯಾಲೆಂಡರ್‌ನಲ್ಲಿ ಹೊಸ ಸೋಪು ತೆಗೆದ ದಿನ ಸುಮ್ನೆ ಗುರುತು ಹಾಕುತ್ತಿದ್ದೆ. ಮೊದಲು ಒಂದು ಸೋಪು ನಾಲ್ಕು ದಿನ. ಹೋದ ಸೋಪು 19 ದಿನ ಬಂತು. ಚಮಚ ಕೇಳುವುದನ್ನು ಬಿಟ್ಟಿದ್ದಾಳೆ. ಇನ್ನೂ ಒಂದೆರಡು ತಿಂಗಳು ಬರಬೇಕು ಎಂದಿದ್ದಾರೆ, ಶುಕ್ರವಾರ ಮುಂದಿನದು.