ಗದ್ದೆ, ಕಾಲುವೆ, ಕೆರೆ: ಯಾವ ನೀರಲ್ಲಿ ಯಾವ ಬಸವನಹುಳು?

ಗಂಗಾವತಿಯ ಭತ್ತದ ಗದ್ದೆಯಲ್ಲಿ ಕಾಲಿಗೆ ಸಿಗುವ ದಪ್ಪ ಬಸವನಹುಳು ಎಡದಂಡೆ ಕಾಲುವೆಯ ನಡುನೀರಲ್ಲಿ ಸಿಗುವುದಿಲ್ಲ. ಎರಡರಲ್ಲೂ ಇರುವುದು ತುಂಗಭದ್ರೆಯ ನೀರೇ. ವ್ಯತ್ಯಾಸವೆಲ್ಲ ಹರಿವಿನ ವೇಗದಲ್ಲಿ, ತಳದಲ್ಲಿ, ಜೊಂಡಿನಲ್ಲಿ, ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದರಲ್ಲಿ. ಈ ನಾಲ್ಕನ್ನೂ ಬರೆದುಕೊಳ್ಳದೆ ಹುಳು ಎಣಿಸಿದರೆ ಅದು ಬರೀ ಚಿಪ್ಪು ಆಯ್ದಂತೆ.

ಮೊದಲು ಜಾಗ ಗೊತ್ತು ಮಾಡಿ: ಕಾಲುವೆಯ ಅಂಚು, ಹೊಲಗಾಲುವೆ, ಗದ್ದೆ, ಬಸಿಗಾಲುವೆ, ಊರ ಕೆರೆ. ಒಂದೊಂದರಲ್ಲೂ ಮೂರು ಕಡೆ ನೋಡಿ. ಇಳಿಯಲು ಸುಲಭವೆಂದು ಬಟ್ಟೆ ಒಗೆಯುವ ಕಟ್ಟೆಯನ್ನೇ ಆರಿಸಿದರೆ ಲೆಕ್ಕ ಕೆಡುತ್ತದೆ. ಲೈನಿಂಗ್ ಆದ ಕಾಲುವೆಯ ಇಳಿಜಾರು ಪಾಚಿ ಹಿಡಿದು ಜಾರುತ್ತದೆ, ಅಲ್ಲಿ ಮೇಲಿಂದಲೇ ಜರಡಿ ಬಿಡಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು, ಮೊಸಳೆಯೂ ಉಂಟು.

ಬೇಕಾದದ್ದು ಇಷ್ಟೇ: 2 ಮಿ.ಮೀ. ಕಣ್ಣಿನ ಜರಡಿ, ಅದಕ್ಕೆ ಕಟ್ಟಲು ಬಿದಿರು, ಬಿಳಿ ತಟ್ಟೆ, ಟೇಪು, ಗಮ್ ಬೂಟು, ರಬ್ಬರ್ ಕೈಗವಸು. ಕೈಗವಸು ಬಿಡಬೇಡಿ. ಹುಳುವಿನ ಮೈಯಿಂದ ಹೊರಬರುವ ಪರಾವಲಂಬಿ ಮರಿಗಳು ಚರ್ಮದೊಳಗೆ ತೂರಿದರೆ ತುರಿಕೆ ಗ್ಯಾರಂಟಿ.

ಹರಿವು ಅಳೆಯಲು ಯಂತ್ರ ಬೇಡ. 5 ಮೀಟರ್ ಗುರುತು ಹಾಕಿ, ಕಿತ್ತಳೆ ಹಣ್ಣು ತೇಲಿಬಿಟ್ಟು ಸೆಕೆಂಡು ಎಣಿಸಿ. 17 ಸೆಕೆಂಡಿಗಿಂತ ಬೇಗ ದಾಟಿದರೆ ವೇಗ ಸೆಕೆಂಡಿಗೆ ಸುಮಾರು 30 ಸೆಂ.ಮೀ. ಮೀರಿತು. ಅಂಥ ಕಡೆ ಶ್ವಾಸಕೋಶದಿಂದ ಉಸಿರಾಡುವ ಹುಳುಗಳು ನೆಲೆ ನಿಲ್ಲುವುದು ಅಪರೂಪ. ಮೂರು ಸಲ ಬಿಟ್ಟು ಸರಾಸರಿ ತೆಗೆಯಿರಿ, ಗಾಳಿ ಹಣ್ಣನ್ನು ತಳ್ಳುತ್ತದೆ.

ಪ್ರತಿ ಜಾಗದಲ್ಲಿ 15 ನಿಮಿಷ ಹುಡುಕಾಟ, ಒಬ್ಬರೇ. ಇಬ್ಬರು ಹುಡುಕಿದ ಕಡೆ ಹುಳು ಹೆಚ್ಚಿದ್ದಂತೆ ಕಾಣುತ್ತದೆ, ಅಷ್ಟೇ. ಜೊಂಡಿನ ಬುಡ, ಅಂತರಗಂಗೆಯ ಬೇರು, ಕೊಳೆತ ಎಲೆ ಜಾಲಿಸಿ. ಕೆಸರಿದ್ದರೆ 3 ರಿಂದ 5 ಸೆಂ.ಮೀ. ಒಳಗೆ ಜರಡಿ ತೂರಿಸಿ, ಇಲ್ಲದಿದ್ದರೆ ಕೆಸರಲ್ಲಿ ಹುದುಗುವ ಮೆಲನಾಯ್ಡಿಸ್ ಎಂಬ ಬಸವನಹುಳು ಕೈತಪ್ಪುತ್ತದೆ. ಖಾಲಿ ಚಿಪ್ಪನ್ನು ಬೇರೆ ಅಂಕಣದಲ್ಲಿ ಬರೆಯಿರಿ. ಅದು ಮೇಲಿನ ಊರಿಂದ ತೇಲಿ ಬಂದಿರಬಹುದು. ಏನೂ ಸಿಗದಿದ್ದರೆ ಅಂಕಣ ಖಾಲಿ ಬಿಡದೆ 0 ಬರೆಯಿರಿ.

ಗುರುತು ಹಿಡಿಯುವಾಗ ಮೊದಲು ಚಿಪ್ಪಿನ ಬಾಯಿ ಮುಚ್ಚುವ ಮುಚ್ಚಳ ನೋಡಿ. ನಿಂಬೆಹಣ್ಣಿನಂತೆ ಗುಂಡಗೆ, ಮುಚ್ಚಳ ಸುಣ್ಣಗಟ್ಟಿ ಬಿರುಸಾಗಿದ್ದರೆ ಪೈಲಾ: ಗದ್ದೆ, ಕೆರೆಯಂಚು. ತುದಿ ಚೂಪಾಗಿ ಮೈಮೇಲೆ ಕಪ್ಪು ಪಟ್ಟಿ, ಮುಚ್ಚಳ ತೆಳು ಇದ್ದರೆ ಬೆಲ್ಲಾಮಿಯಾ: ನಿಧಾನ ಹರಿಯುವ ಕಾಲುವೆ, ಕೆರೆಯ ಕೆಸರು. ಉದ್ದ ಗೋಪುರದಂತಿದ್ದರೆ ಮೆಲನಾಯ್ಡಿಸ್. ಅದು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಹಾಗಾಗಿ ಒಂದೇ ಹುಳು ಹೋದರೂ ಹೊಸ ಕೆರೆಯಲ್ಲಿ ಸಂಸಾರ ಶುರು.

ಮುಚ್ಚಳವೇ ಇಲ್ಲದವು ಮೇಲೆ ಹೇಳಿದ, ಶ್ವಾಸಕೋಶದಿಂದ ಉಸಿರಾಡುವ ಹುಳುಗಳು. ಅವುಗಳಲ್ಲಿ ಚಕ್ಕುಲಿಯಂತೆ ಚಪ್ಪಟೆ ಸುತ್ತಿದ್ದರೆ ಇಂಡೋಪ್ಲನಾರ್ಬಿಸ್. ಇದರ ರಕ್ತ ಕೆಂಪು, ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಾದ ಬಸಿಗಾಲುವೆಯಲ್ಲೂ ಬದುಕುತ್ತದೆ. ದನಗಳ ಗೊರಕೆ ರೋಗ ತರುವ ಜಂತು ಬೆಳೆಯುವುದು ಇದರಲ್ಲೇ. ದನ ನೀರು ಕುಡಿಯುವ ಕಡೆ ಇದು ಸಿಕ್ಕರೆ ಪಶುವೈದ್ಯರಿಗೆ ತಿಳಿಸಿ. ಇದೇ ಆಕಾರದ, ಒಂದು ಸೆಂ.ಮೀ. ಒಳಗಿನ ಗೈರಾಲಸ್ ಇದರ ಮರಿಯಲ್ಲ, ಬೇರೆ ಜಾತಿ. ಹೆಚ್ಚು ಎಡವುವುದು ಮುಚ್ಚಳವಿಲ್ಲದ, ಚೂಪು ತುದಿಯ ಲಿಮ್ನಿಯಾ ಮತ್ತು ಹೊರಗಿನಿಂದ ಬಂದ ಫೈಸೆಲ್ಲಾ ನಡುವೆ. ತುದಿ ಮೇಲೆ, ಬಾಯಿ ನಿಮ್ಮ ಕಡೆ ಹಿಡಿಯಿರಿ: ಬಾಯಿ ಬಲಕ್ಕಿದ್ದರೆ ಲಿಮ್ನಿಯಾ, ಎಡಕ್ಕಿದ್ದರೆ ಫೈಸೆಲ್ಲಾ.

ಬಯಲುಸೀಮೆಯ ಈ ಜಾತಿಗಳಲ್ಲಿ ಬಹುಪಾಲು ಭಾರತದ ಉದ್ದಗಲಕ್ಕೂ ಹರಡಿವೆ. ತುಂಗೆ-ಭದ್ರೆ ಹುಟ್ಟುವ ಪಶ್ಚಿಮ ಘಟ್ಟದ ಕತೆ ಬೇರೆ. ಅಲ್ಲಿನ ಕ್ರೆಮ್ನೋಕಾಂಕಸ್ ಎಂಬ ಬಸವನಹುಳು ನೀರು ಸಿಡಿಯುವ ಬಂಡೆ ಬಿಟ್ಟು ಕದಲುವುದಿಲ್ಲ. ನಮ್ಮ ಎರೆಭೂಮಿಯ ಸುಣ್ಣದ ಹರಳು ಚಿಪ್ಪಿಗೆ ಅನುಕೂಲ. ಚಿಪ್ಪಿನ ತುದಿ ಸವೆದು ಬೆಳ್ಳಗಾಗಿದ್ದರೆ ಅಲ್ಲಿನ ನೀರಿನ ಸುಣ್ಣದಂಶ ಮತ್ತು ಹುಳಿಯಂಶ ಪರೀಕ್ಷಿಸಿ.

ಫೋಟೊ ತೆಗೆದ ಮೇಲೆ ಹುಳುಗಳನ್ನು ಹಿಡಿದ ನೀರಿಗೇ ಬಿಡಿ. ಇನ್ನೊಂದು ಜಾಗಕ್ಕೆ ಹೋಗುವ ಮುನ್ನ ಜರಡಿ, ಬೂಟು ತೊಳೆದು ಬಿಸಿಲಿಗೆ ಒಣಗಿಸಿ. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ಅದೇ ಜಾಗಗಳಿಗೆ ಮತ್ತೆ ಹೋಗಿ, ಬದುವಿನ ಬುಡದ ಮಣ್ಣನ್ನು ಕೈಗುದ್ದಲಿಯಿಂದ ಮೆಲ್ಲಗೆ ಕೆದಕಿ. ಮುಚ್ಚಳ ಬಿಗಿದು ಮಲಗಿದ ಪೈಲಾ ಸಿಕ್ಕರೆ ಆಳ ಅಳೆದು ಬರೆದುಕೊಂಡು, ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿ.